ಒಂದು ವಿಷಯಕ್ಕೆ ಒಂದು ಪುಸ್ತಕ: ಎಂಬಿಬಿಎಸ್ ಮೊದಲ ವರ್ಷಕ್ಕೆ ನಾನು ತಯಾರಾದ ಬಗೆ

ಎಂಬಿಬಿಎಸ್ ಮೊದಲ ವರ್ಷಕ್ಕೆ ಇರುವುದು 3 ಮುಖ್ಯ ವಿಷಯ. ಅನಾಟಮಿ (ದೇಹದ ರಚನೆ), ಫಿಸಿಯಾಲಜಿ (ದೇಹ ಕೆಲಸ ಮಾಡುವ ಬಗೆ), ಬಯೋಕೆಮಿಸ್ಟ್ರಿ (ದೇಹದ ರಸಾಯನ). ಆದರೆ ಯಾವ ಪುಸ್ತಕ ತಗೋಬೇಕು ಅಂತ ನಾಲ್ಕು ಜನರನ್ನು ಕೇಳಿ ನೋಡಿ, ನಾಲ್ಕು ಬೇರೆ ಬೇರೆ ಪಟ್ಟಿ ಸಿಗುತ್ತದೆ. ಎಲ್ಲ ಸೇರಿಸಿದರೆ ಹಾಸ್ಟೆಲ್ ರೂಮಿನ ಕಪಾಟು ತುಂಬಿಹೋಗುತ್ತದೆ. ಈ ವರ್ಷ ನೀಟ್ ಬರೆದು, ಕೆಇಎ ಕೌನ್ಸೆಲಿಂಗ್‌ನಲ್ಲಿ ಸೀಟು ಹಿಡಿದು ಕೂತಿರುವವರಿಗೆ, ಅದರಲ್ಲೂ ನನ್ನ ಹಾಗೆ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ, ನಾನು ಪುಸ್ತಕ ಆರಿಸಿಕೊಂಡ ಬಗೆ ಹೇಳಬೇಕು ಅನ್ನಿಸಿತು. ಪುಸ್ತಕಗಳ ಹೆಸರು ಎಲ್ಲರೂ ಹೇಳುತ್ತಾರೆ. ಆರಿಸುವುದು ಹೇಗೆ ಅಂತ ಹೇಳುವವರು ಕಡಿಮೆ.

ನಮ್ಮದು ಪಿರಿಯಾಪಟ್ಟಣ ತಾಲ್ಲೂಕು. ಅಪ್ಪ ತಂಬಾಕು ಬೆಳೆಯುತ್ತಾರೆ. ನಮ್ಮ ಕಡೆ ದುಡ್ಡು ಕೈಗೆ ಬರುವುದು ಹರಾಜು ಶುರುವಾದ ಮೇಲೆ, ದಸರಾ ಆಸುಪಾಸಿನಲ್ಲಿ. ನನಗೆ ಮೈಸೂರಿನ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಸೀಟು ಸಿಕ್ಕಾಗ ತಂಬಾಕಿನ ಸೊಪ್ಪು ಇನ್ನೂ ಹದ ಮಾಡುವ ಬ್ಯಾರನ್ನಿನಲ್ಲಿ ಬೇಯುತ್ತಿತ್ತು. ನೆಂಟರೊಬ್ಬರು ಕಳಿಸಿದ ಪುಸ್ತಕದ ಪಟ್ಟಿ ಅಪ್ಪನಿಗೆ ಓದಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಹರಾಜು ಆಗ್ಲಿ ಮಗ. ಅಷ್ಟೊತ್ತಿಗೆ ನಿಂಗೆ ಯಾವ್ದು ಬೇಕು ಅಂತ ನೋಡಿಟ್ಕೊ. ಆಮೇಲೆ ಒಂದೇ ಸಲ ತಗೊಳ್ಳೋಣ" ಅಂದರು. ದುಡ್ಡಿನ ಕಾರಣಕ್ಕೆ ಬಂದ ಈ ಬಿಡುವು ನನಗೆ ತುಂಬ ಒಳ್ಳೆಯದೇ ಮಾಡಿತು. ಕಾಲೇಜು ಸೇರುವ ಮುಂಚೆಯೇ ಪುಸ್ತಕದ ಗಂಟು ಕೊಂಡಿದ್ದರೆ, ನನಗೆ ಹೊಂದುವುದು ಯಾವುದು ಅಂತ ತಿಳಿಯುವ ದಾರಿಯೇ ಇರುತ್ತಿರಲಿಲ್ಲ.

ಹಾಸ್ಟೆಲ್‌ನಲ್ಲಿ ನಮ್ಮ ಮೇಲಿನ ಮಹಡಿಯಲ್ಲಿದ್ದ ಸೀನಿಯರ್ ಅಕ್ಕ ಒಬ್ಬರು ಮೊದಲ ವಾರವೇ ಹೇಳಿದ್ದು ಇದನ್ನೇ. "ಬಿಳಿ ಕೋಟು ತಗೊ, ಡಿಸೆಕ್ಷನ್ ಕಿಟ್ ತಗೊ, ರೆಕಾರ್ಡ್ ಪುಸ್ತಕ ತಗೊ. ಟೆಕ್ಸ್ಟ್ ಬುಕ್‌ಗೆ ಅವಸರ ಮಾಡಬೇಡ. ಮೊದಲು ಲೈಬ್ರರಿ ಕಾರ್ಡ್ ಮಾಡಿಸ್ಕೊ." ಮೊದಲ ದಿನಗಳು ಹೇಗೂ ಫೌಂಡೇಶನ್ ಕೋರ್ಸ್‌ನಲ್ಲಿ ಕಳೆಯುತ್ತವೆ. ವೃತ್ತಿಯ ಪರಿಚಯ, ಆಸ್ಪತ್ರೆ ಸುತ್ತಾಟ, ಭಾಷೆ, ಕಂಪ್ಯೂಟರ್, ಆಟ, ಎಲ್ಲ ಅದರಲ್ಲಿ ಸೇರಿದೆ. ಆ ಸಮಯದಲ್ಲಿ ದಪ್ಪ ಪುಸ್ತಕದ ಅಗತ್ಯ ಬೀಳುವುದಿಲ್ಲ.

ಆಮೇಲೆ ಅಕ್ಕ ಒಂದು ವಿಧಾನ ಹೇಳಿಕೊಟ್ಟರು. ಕ್ಲಾಸಿನಲ್ಲಿ ಆಗಲೇ ಪಾಠ ಆಗಿರುವ ಒಂದು ವಿಷಯ ಹಿಡಿ. ಅದೇ ವಿಷಯವನ್ನು ಲೈಬ್ರರಿಯಲ್ಲಿ ಎರಡು ಮೂರು ಪುಸ್ತಕದಲ್ಲಿ ಓದು. ಓದಿ ಮುಗಿಸಿ ಪುಸ್ತಕ ಮುಚ್ಚಿ, ನಿನಗೆ ಎಷ್ಟು ಹೇಳಲು ಬರುತ್ತದೆ ನೋಡು. ಜಾಸ್ತಿ ಹೇಳಲು ಬಂದದ್ದು ಯಾವುದನ್ನು ಓದಿದ ಮೇಲೋ, ಅದೇ ನಿನ್ನ ಪುಸ್ತಕ.

ನಾನು ಹಿಡಿದದ್ದು ಬ್ರೇಕಿಯಲ್ ಪ್ಲೆಕ್ಸಸ್. ಕುತ್ತಿಗೆಯ ಬುಡದಿಂದ ಕಂಕುಳಿಗೆ ಇಳಿದು, ಇಡೀ ಕೈಗೆ ನರಗಳನ್ನು ಕಳಿಸುವ ಜಾಲ ಅದು. ಬೆನ್ನುಹುರಿಯಿಂದ ಹೊರಡುವ, ಸಿ5ರಿಂದ ಟಿ1ರವರೆಗಿನ 5 ನರದ ಬೇರುಗಳು 3 ಟ್ರಂಕ್ (ಕಾಂಡ) ಆಗುತ್ತವೆ, ಆ ಟ್ರಂಕ್‌ಗಳು ಒಡೆದು 6 ಡಿವಿಷನ್ (ಕವಲು), ಅವು ಕೂಡಿ 3 ಕಾರ್ಡ್ (ಹುರಿ), ಅಲ್ಲಿಂದ ಕೈಯ ನರಗಳು. ಮೊದಲ ವರ್ಷದವರು ಎಲ್ಲರೂ ಹೆದರುವ ಜಾಗ ಇದು. ಹಾಗಾಗಿ ಪುಸ್ತಕದ ಪರೀಕ್ಷೆಗೂ ಸರಿಯಾದದ್ದು.

ಮೊದಲು ಬಿ.ಡಿ. ಚೌರಾಸಿಯಾ ತೆರೆದೆ. ಎಲ್ಲರೂ ಅದನ್ನು ಚಿಕ್ಕದಾಗಿ 'ಬಿಡಿಸಿ' (BDC) ಅನ್ನುತ್ತಾರೆ. ಗ್ವಾಲಿಯರ್‌ನ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಮೇಷ್ಟ್ರು ಬರೆದ ಪುಸ್ತಕ ಅದು, 4 ಸಂಪುಟ. ಸಣ್ಣ ವಾಕ್ಯ, ಅಂಕಿ ಹಾಕಿದ ಅಂಶಗಳು, ಪೆನ್ಸಿಲ್ ಹಿಡಿದು ನಾವೇ ಬರೆಯಬಹುದಾದ ಸರಳ ಚಿತ್ರ. ಆಮೇಲೆ ವಿಶ್ರಾಮ್ ಸಿಂಗ್. ಅದರಲ್ಲಿ ಬಣ್ಣದ ಚಿತ್ರ ಚೆನ್ನಾಗಿವೆ. ಯಾವ ನರಕ್ಕೆ ಪೆಟ್ಟು ಬಿದ್ದರೆ ರೋಗಿಯ ಕೈ ಏನಾಗುತ್ತದೆ ಅನ್ನುವುದನ್ನು ಪೆಟ್ಟಿಗೆ ಕಟ್ಟಿ ಬೇರೆಯಾಗಿ ಕೊಟ್ಟಿದ್ದಾರೆ. ಕೊನೆಗೆ ಕೀತ್ ಮೂರ್. ಅದು ಕಥೆ ಹೇಳಿದ ಹಾಗೆ ಹೋಗುತ್ತದೆ, ವಾಕ್ಯಗಳು ಉದ್ದ, ತಿಳುವಳಿಕೆ ಆಳ. ಇಂಗ್ಲಿಷ್ ಮೀಡಿಯಂನಿಂದ ಬಂದ ನನ್ನ ಕ್ಲಾಸ್‌ಮೇಟ್ ಒಬ್ಬಳು ಮೂರ್ ಓದಿ ಖುಷಿಪಟ್ಟಳು. ಅವಳಿಗೆ ಅದೇ ಸರಿ.

ನನಗೆ ಹೊಂದಿದ್ದು ಬಿಡಿಸಿ. ಕಾರಣ ಸ್ಪಷ್ಟವಾಗಿತ್ತು. ನನಗೆ ಬೇಕಿದ್ದದ್ದು ಮಾಹಿತಿ ಮಾತ್ರ ಅಲ್ಲ, ಉತ್ತರ ಬರೆಯುವ ಭಾಷೆ ಕೂಡ. ವೈವಾದಲ್ಲಿ, ಅಂದರೆ ಬಾಯಿಮಾತಿನ ಪರೀಕ್ಷೆಯಲ್ಲಿ, ಎದುರು ಕೂತವರು "ಆಕ್ಸಿಲರಿ ನರ ಎಲ್ಲಿಂದ ಹುಟ್ಟುತ್ತೆ, ಎಲ್ಲಿ ಹೋಗುತ್ತೆ, ಯಾವ ಮಾಂಸಖಂಡಕ್ಕೆ ಹೋಗುತ್ತೆ" ಅಂತ ಕೇಳಿದರೆ ಥಟ್ಟನೆ ಇಂಗ್ಲಿಷ್ ವಾಕ್ಯ ಬಾಯಿಗೆ ಬರಬೇಕು. ಬಿಡಿಸಿಯ ವಾಕ್ಯಗಳು ಬಾಯಿಗೆ ಬರುವ ಅಳತೆಯಲ್ಲೇ ಇವೆ. ಅದರಲ್ಲಿ ಒಂದು ಕೊರತೆಯೂ ಇದೆ. ಅಂಶಗಳು ಬಿಡಿಬಿಡಿಯಾಗಿರುವುದರಿಂದ ಒಂದಕ್ಕೊಂದು ಸಂಬಂಧ ಏನು ಅನ್ನುವುದನ್ನು ಕ್ಲಾಸಿನಲ್ಲಿ, ದೇಹ ಕೊಯ್ದು ನೋಡಿ ಕಲಿಯುವ ಡಿಸೆಕ್ಷನ್ ಹಾಲಿನಲ್ಲಿ ನಾವೇ ಕಟ್ಟಿಕೊಳ್ಳಬೇಕು. ಹಾಗಾಗಿ ಕ್ಲಾಸು ತಪ್ಪಿಸುವವರಿಗೆ ಈ ಪುಸ್ತಕ ಒಂದೇ ಸಾಲುವುದಿಲ್ಲ ಅಂತ ನನ್ನ ಅನಿಸಿಕೆ. ಹೇಗೂ ಥಿಯರಿಗೆ ಶೇ 75, ಪ್ರಾಕ್ಟಿಕಲ್‌ಗೆ ಶೇ 80 ಹಾಜರಿ ಬೇಕೇ ಬೇಕು. ಕೂತ ಮೇಲೆ ಕೇಳಿಸಿಕೊಂಡರೆ ಅರ್ಧ ಓದು ಅಲ್ಲೇ ಮುಗಿಯುತ್ತದೆ.

ಡಿಸೆಕ್ಷನ್ ಹಾಲಿನ ವಿಷಯ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಪುಸ್ತಕಕ್ಕೆ ಅರ್ಥ ಬರುವುದು ಅಲ್ಲಿಯೇ. ಮೊದಲ ದಿನ ಎಲ್ಲರೂ ಸಾಲಾಗಿ ನಿಂತು ಪ್ರತಿಜ್ಞೆ ತೆಗೆದುಕೊಂಡೆವು. ಈ ದೇಹವನ್ನು ಗೌರವದಿಂದ ಕಾಣುತ್ತೇವೆ, ಇದನ್ನು ಕೊಟ್ಟವರಿಗೆ, ಅವರ ಮನೆಯವರಿಗೆ ಋಣಿಯಾಗಿರುತ್ತೇವೆ ಅಂತ. ಕರ್ನಾಟಕದಲ್ಲಿ ಇದಕ್ಕೆಂದೇ 1957ರ ಅನಾಟಮಿ ಕಾಯ್ದೆ ಇದೆ. ವಾರಸುದಾರರು ಇಲ್ಲದ ದೇಹಗಳು ಆ ಕಾಯ್ದೆಯ ಮೂಲಕ ಬರುತ್ತವೆ. ಬದುಕಿದ್ದಾಗಲೇ ಒಪ್ಪಿಗೆ ಬರೆದುಕೊಟ್ಟು ದೇಹದಾನ ಮಾಡಿದವರೂ ಇರುತ್ತಾರೆ. ನಮ್ಮ ಟೇಬಲ್ ಮೇಲೆ ಮಲಗಿದ್ದ ಅಜ್ಜನ ಹೆಸರು ನಮಗೆ ಗೊತ್ತಿರಲಿಲ್ಲ. ಇಡೀ ವರ್ಷ ನಾವು ಅವರನ್ನು ಅಜ್ಜ ಅಂತಲೇ ಕರೆದೆವು.

ಅಲ್ಲಿ ಕೈಗೆ ಬೇಕಾಗುವ ಪುಸ್ತಕ ಬೇರೆ. ಕನ್ನಿಂಗ್‌ಹ್ಯಾಮ್ ಮ್ಯಾನುಯಲ್. ಎಲ್ಲಿ ಚರ್ಮ ಕೊಯ್ಯಬೇಕು, ಯಾವ ಪದರ ಹೇಗೆ ಬಿಡಿಸಬೇಕು, ಕೊಬ್ಬು ತೆಗೆಯುವಾಗ ಯಾವ ಸಣ್ಣ ನರ ತುಂಡಾಗದ ಹಾಗೆ ನೋಡಿಕೊಳ್ಳಬೇಕು, ಹೆಜ್ಜೆ ಹೆಜ್ಜೆಯಾಗಿ ಹೇಳುತ್ತದೆ. ಇದನ್ನು ಒಬ್ಬೊಬ್ಬರೂ ಕೊಳ್ಳುವ ಅಗತ್ಯವಿಲ್ಲ. ಟೇಬಲ್‌ಗೆ ಒಂದು ಹಳೆ ಪ್ರತಿ ಸಾಕು. ಒಬ್ಬರು ಜೋರಾಗಿ ಓದುವುದು, ಇಬ್ಬರು ಕೊಯ್ಯುವುದು, ಉಳಿದವರು ನೋಡಿ ಗುರುತು ಹಿಡಿಯುವುದು. ಫಾರ್ಮಲಿನ್ ವಾಸನೆ ಹತ್ತಿದ ಆ ಪುಸ್ತಕವನ್ನು ರೂಮಿಗೆ ತರಲು ಆಗುವುದೂ ಇಲ್ಲ.

ಕಂಕುಳು ಬಿಡಿಸಿದಾಗ ನಮ್ಮ ಟೇಬಲ್‌ನಲ್ಲಿ ಒಂದು ವಿಶೇಷ ಕಂಡಿತು. ಮಸ್ಕ್ಯುಲೋಕ್ಯುಟೇನಿಯಸ್ ನರದಿಂದ ಒಂದು ಎಳೆ ಹೊರಟು, ತೋಳಿನ ಮಧ್ಯದಲ್ಲಿ ಮೀಡಿಯನ್ ನರಕ್ಕೆ ಸೇರಿಕೊಂಡಿತ್ತು. ನಾವು ಕಲಿತಿದ್ದ ಚಿತ್ರದಲ್ಲಿ ಹಾಗಿರಲಿಲ್ಲ. ಮೇಡಂ ಬಂದು ನೋಡಿ, "ಚೆನ್ನಾಗಿ ಬಿಡಿಸಿದ್ದೀರಿ. ಈಗ ಲೈಬ್ರರಿಗೆ ಹೋಗಿ ದೊಡ್ಡ ಗ್ರೇ ತೆಗೆದು ನೋಡಿ" ಅಂದರು. ಹೋಗಿ ಗ್ರೇಸ್ ಅನಾಟಮಿ ಅನ್ನುವ ಆ ದಪ್ಪ ಪುಸ್ತಕ ತೆಗೆದು ನೋಡಿದೆವು. ಹೀಗೆ ಎಳೆ ಸೇರುವುದು ಅಪರೂಪವೇನಲ್ಲ, ಎಷ್ಟೋ ಜನರಲ್ಲಿ ಇರುತ್ತದೆ. ಪರೀಕ್ಷೆಗೆ ಓದುವ ಪುಸ್ತಕ ಎಲ್ಲರಿಗೂ ಸಾಮಾನ್ಯವಾದ ದೇಹವನ್ನು ತೋರಿಸುತ್ತದೆ. ನಮ್ಮ ಎದುರು ಮಲಗಿರುವುದು ಒಬ್ಬ ಮನುಷ್ಯನ ದೇಹ. ಮುಂದೆ ಆಪರೇಷನ್ ಮಾಡುವವರಿಗೆ ಈ ವ್ಯತ್ಯಾಸ ಗೊತ್ತಿಲ್ಲದಿದ್ದರೆ ರೋಗಿಗೆ ಅಪಾಯ ಅಲ್ವಾ? ಅದಕ್ಕೇ ದೊಡ್ಡ ಪುಸ್ತಕಗಳು ಬೇಕು. ಆದರೆ ಅವು ಲೈಬ್ರರಿಯಲ್ಲಿದ್ದರೆ ಸಾಕು.

ಆ ಗ್ರೇ ಪುಸ್ತಕ ಮೊದಲು ಬಂದದ್ದು 1858ರಲ್ಲಿ. ಬರೆದ ಹೆನ್ರಿ ಗ್ರೇ 34ನೇ ವಯಸ್ಸಿಗೇ ಸಿಡುಬಿನಿಂದ ತೀರಿಕೊಂಡರು. ಅದರ ಚಿತ್ರಗಳನ್ನು ಬರೆದ ಹೆನ್ರಿ ವ್ಯಾಂಡೈಕ್ ಕಾರ್ಟರ್ ಪುಸ್ತಕ ಬಂದ ವರ್ಷವೇ ಮುಂಬೈಗೆ ಬಂದು, ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡಿದರು. ನಮ್ಮ ದೇಶದ ಕುಷ್ಠರೋಗಿಗಳ ಬಗ್ಗೆ, ಮದುರಾ ಪಾದ ಅನ್ನುವ ಕಾಲಿನ ರೋಗದ ಬಗ್ಗೆ ದುಡಿದರು. ಆ ಚಿತ್ರ ಬರೆದ ಕೈ ನಮ್ಮ ಜನರ ಸೇವೆಯನ್ನೂ ಮಾಡಿತು ಅಂತ ಗೊತ್ತಾದ ಮೇಲೆ ನನಗೆ ಆ ಪುಸ್ತಕದ ಮೇಲೆ ಬೇರೆಯೇ ಪ್ರೀತಿ ಬಂತು.

ದೇಹದ ಚಿತ್ರಗಳ ಅಟ್ಲಾಸ್ ಒಂದು ಬೇಕು. ನಾನು ನೆಟ್ಟರ್ ನೋಡಿದ್ದು ಲೈಬ್ರರಿಯಲ್ಲೇ. ಭ್ರೂಣ ಬೆಳೆಯುವ ಬಗೆ ಹೇಳುವ ಎಂಬ್ರಿಯಾಲಜಿಗೆ ಇಂದರ್‌ಬೀರ್ ಸಿಂಗ್ ತೆಗೆದುಕೊಂಡೆ, ಇನ್ನೊಂದು ನೋಡಲೂ ಇಲ್ಲ. ಅಂಗಾಂಶಗಳನ್ನು ಮೈಕ್ರೋಸ್ಕೋಪ್‌ನಲ್ಲಿ ನೋಡಿ ಕಲಿಯುವ ಹಿಸ್ಟಾಲಜಿಗೆ ದುಡ್ಡು ಹಾಕಬೇಕಾದದ್ದು ಪುಸ್ತಕಕ್ಕಿಂತ ಪೆನ್ಸಿಲ್‌ಗೆ. ಗುಲಾಬಿ, ನೇರಳೆ ಬಣ್ಣದ ಎಚ್ ಅಂಡ್ ಇ ಪೆನ್ಸಿಲ್. ಮೈಕ್ರೋಸ್ಕೋಪ್‌ನಲ್ಲಿ ನೋಡಿದ್ದನ್ನು ಅದೇ ದಿನ ರೆಕಾರ್ಡ್‌ನಲ್ಲಿ ಬರೆದುಬಿಟ್ಟರೆ, ಗುರುತು ಹಿಡಿಯುವ ಸ್ಪಾಟರ್ ಪರೀಕ್ಷೆಯ ದಿನ ಸ್ಲೈಡ್ ನೋಡಿದ ತಕ್ಷಣ ಗುರುತು ಸಿಗುತ್ತದೆ.

ಓದಲು ಬೇಕಾಗುವ ಮೂಳೆಗಳ ಬೋನ್ ಸೆಟ್ ಹೊಸದಾಗಿ ಕೊಳ್ಳಲು ಹೋಗಬೇಡಿ. ನಮಗೆ ಸೀನಿಯರ್‌ಗಳಿಂದ ಹಾಫ್ ಸೆಟ್ ಬಂತು, ಮೂವರು ಹಂಚಿಕೊಂಡೆವು. ಮೂಳೆ ಕೈಗೆ ಬಂದ ತಕ್ಷಣ ಮೊದಲು ಮಾಡಬೇಕಾದದ್ದು ಅದು ಎಡಗಡೆಯದೋ ಬಲಗಡೆಯದೋ ಅಂತ ಹೇಳುವುದು. ಆಮೇಲೆ ದೇಹದಲ್ಲಿ ಇರುವ ಹಾಗೆ ಹಿಡಿಯುವುದು. ಮಾಂಸಖಂಡ ಹುಟ್ಟುವ ಜಾಗಕ್ಕೆ ಕೆಂಪು, ಸೇರುವ ಜಾಗಕ್ಕೆ ನೀಲಿ ಗುರುತು. ಮೂಳೆ ಒಂದು ಕೈಯಲ್ಲಿ, ಪುಸ್ತಕ ಇನ್ನೊಂದು ಕೈಯಲ್ಲಿ ಇಟ್ಟುಕೊಂಡು ಓದಿದರೆ ಮಾತ್ರ ಅದು ತಲೆಯಲ್ಲಿ ನಿಲ್ಲುತ್ತದೆ. ಅದೂ ಒಬ್ಬರ ದೇಹದ ಭಾಗ. ಹಾಸಿಗೆ ಮೇಲೆ, ಊಟದ ಜಾಗದಲ್ಲಿ ಇಡಬಾರದು ಅಂತ ನಮ್ಮ ರೂಮಿನಲ್ಲಿ ಕಟ್ಟುನಿಟ್ಟು ಮಾಡಿಕೊಂಡಿದ್ದೆವು.

ಫಿಸಿಯಾಲಜಿಗೆ ಬಂದಾಗ ನನ್ನ ತೀರ್ಮಾನ ಬೇರೆಯಾಯಿತು. ಅನಾಟಮಿಗೆ ಬಿಡಿ ಅಂಶಗಳ ಪುಸ್ತಕ ಆರಿಸಿದವಳು ಇಲ್ಲಿ ಗೈಟನ್ ಆರಿಸಿದೆ. ಎಷ್ಟೋ ಜನ "ಕನ್ನಡ ಮೀಡಿಯಂ ಅಂತೀಯ, ಗೈಟನ್ ಯಾಕೆ? ಎ.ಕೆ. ಜೈನ್ ತಗೊ, ಸೆಂಬುಲಿಂಗಂ ತಗೊ" ಅಂದರು. ಅವೂ ಒಳ್ಳೆಯ ಪುಸ್ತಕಗಳೇ, ಪರೀಕ್ಷೆಗೆ ನೇರವಾಗಿ ಹೊಂದುತ್ತವೆ. ಆದರೆ ಲೈಬ್ರರಿಯಲ್ಲಿ ಅದೇ ವಿಧಾನ ಮಾಡಿ ನೋಡಿದೆ. ವಿಷಯ, ರಕ್ತದೊತ್ತಡವನ್ನು ದೇಹ ಹೇಗೆ ಕಾಯ್ದುಕೊಳ್ಳುತ್ತದೆ ಅನ್ನುವುದು. ಗೈಟನ್‌ನಲ್ಲಿ ಪುಟಗಳು ಜಾಸ್ತಿ, ಇಂಗ್ಲಿಷ್ ಮಾತ್ರ ಕಷ್ಟದ್ದಲ್ಲ. ಇದು ಆದ್ದರಿಂದ ಇದು, ಇದು ಆದ್ದರಿಂದ ಮುಂದಿನದು ಅಂತ ಕೈಹಿಡಿದು ನಡೆಸುತ್ತದೆ. ಓದಿ ಪುಸ್ತಕ ಮುಚ್ಚಿದ ಮೇಲೆ ನಾನು ಕನ್ನಡದಲ್ಲಿ ಪೂರ್ತಿ ಹೇಳಬಲ್ಲವಳಾಗಿದ್ದೆ. ಕೂತವರು ಎದ್ದು ನಿಂತ ತಕ್ಷಣ ರಕ್ತ ಕಾಲಿನ ಕಡೆ ಇಳಿಯುತ್ತದೆ. ಹೃದಯಕ್ಕೆ ವಾಪಸ್ ಬರುವುದು ಕಡಿಮೆಯಾಗುತ್ತದೆ, ಒತ್ತಡ ಬೀಳುತ್ತದೆ. ಕುತ್ತಿಗೆಯ ರಕ್ತನಾಳದಲ್ಲಿ ಒತ್ತಡ ಅಳೆಯುವ ಕ್ಯಾರೋಟಿಡ್ ಸೈನಸ್‌ಗೆ ಅದು ಗೊತ್ತಾಗಿ, ಮೆದುಳಿಗೆ ಹೋಗುವ ಸಂಕೇತ ತಗ್ಗುತ್ತದೆ. ಮೆದುಳು ಕೂಡಲೇ ಹೃದಯದ ಬಡಿತ ಏರಿಸಿ, ರಕ್ತನಾಳ ಬಿಗಿ ಮಾಡಿ ಒತ್ತಡ ಸರಿ ಮಾಡುತ್ತದೆ. ರಜೆಯಲ್ಲಿ ಊರಿಗೆ ಹೋದಾಗ ಅವ್ವ "ತಟಕ್ಕನೆ ಎದ್ರೆ ಕಣ್ಣು ಕತ್ತಲೆ ಬರುತ್ತೆ ಕಣೆ" ಅಂದಾಗ, ಅದು ಯಾಕೆ ಅಂತ ಅವರಿಗೆ ಅರ್ಥವಾಗುವ ಹಾಗೆ ಹೇಳಲು ನನಗೆ ಆಯಿತು. ಹೇಳಿ ಸುಮ್ನೆ ಬಿಡಲಿಲ್ಲ, ಪಿರಿಯಾಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆಯನ್ನೂ ಮಾಡಿಸಿದೆ.

ಆರ್ಥರ್ ಗೈಟನ್ ಸರ್ಜನ್ ಆಗಬೇಕು ಅಂತ ಇದ್ದವರು. ತರಬೇತಿಯ ಸಮಯದಲ್ಲೇ, 1946ರಲ್ಲಿ, ಪೋಲಿಯೊ ಬಂದು ಕಾಲು, ಭುಜದ ಶಕ್ತಿ ಹೋಯಿತು. ಆಮೇಲೆ ಅಮೆರಿಕದ ಮಿಸಿಸಿಪ್ಪಿಯಲ್ಲಿ ಪಾಠ ಮಾಡುತ್ತ ಈ ಪುಸ್ತಕ ಬರೆದರು, ಮೊದಲ ಮುದ್ರಣ 1956ರಲ್ಲಿ ಬಂತು. ಇದರ ದಕ್ಷಿಣ ಏಷ್ಯಾ ಆವೃತ್ತಿಯನ್ನು ಸಿದ್ಧಮಾಡಿದವರು ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಮಾರಿಯೋ ವಾಜ್, ಅನುರಾ ಕುರ್ಪಾಡ್ ಮತ್ತು ಟೋನಿ ರಾಜ್. ನಾನು ಕೊಂಡದ್ದು ಆ ಆವೃತ್ತಿಯನ್ನೇ. ಇಷ್ಟು ದೂರದಲ್ಲಿ ಬರೆದ ಪುಸ್ತಕವನ್ನು ನಮ್ಮ ಕಡೆಯ ಮೇಷ್ಟ್ರುಗಳು ನಮಗಾಗಿ ತಿದ್ದಿ ಕೊಟ್ಟಿದ್ದಾರೆ ಅನ್ನುವುದು ಓದುವಾಗ ಧೈರ್ಯ ಕೊಡುತ್ತಿತ್ತು.

ಬಯೋಕೆಮಿಸ್ಟ್ರಿಗೆ ಸತ್ಯನಾರಾಯಣ ಅಥವಾ ವಾಸುದೇವನ್, ಎರಡರಲ್ಲಿ ಯಾವುದಾದರೂ ಒಂದು. ನಾನು ಸತ್ಯನಾರಾಯಣ ತೆಗೆದುಕೊಂಡೆ. ಕ್ರೆಬ್ಸ್ ಸೈಕಲ್, ಗ್ಲೈಕಾಲಿಸಿಸ್ ಎಲ್ಲ ದೊಡ್ಡ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ, ಒಂದೊಂದು ಕಿಣ್ವದ ಪಕ್ಕದಲ್ಲಿ ಅದು ಇಲ್ಲದಿದ್ದರೆ ಬರುವ ಕಾಯಿಲೆ ಬರೆದೆ. ಕಾಯಿಲೆಯ ಮೂಲಕ ನೆನಪಿಟ್ಟರೆ ಈ ವಿಷಯ ಮರೆಯುವುದಿಲ್ಲ.

ಇನ್ನು ಭಾಷೆ. ಪಿಯುಸಿಯಲ್ಲಿ ಎರಡು ವರ್ಷ ಇಂಗ್ಲಿಷ್‌ನಲ್ಲಿ ಓದಿದ್ದರೂ, ಶುರುವಿನ ವಾರಗಳಲ್ಲಿ ಒಂದು ಗಂಟೆಗೆ ಎರಡು ಪುಟ ಮುಗಿದರೆ ದೊಡ್ಡದು. ಆ ದಿನಗಳು ಸುಲಭದವಲ್ಲ. ಪಕ್ಕದವರು ಅಧ್ಯಾಯ ಮುಗಿಸಿ ಎದ್ದು ಹೋಗುವಾಗ ನಾನು ಅದೇ ಪುಟದಲ್ಲಿರುತ್ತಿದ್ದೆ. ಇದಕ್ಕೆ ನನ್ನ ರೂಮ್‌ಮೇಟ್ ಜೊತೆ ಸೇರಿ ಒಂದು ದಾರಿ ಮಾಡಿಕೊಂಡೆ. ಅವಳು ಕೇರಳದವಳು, ಆಲ್ ಇಂಡಿಯಾ ಕೋಟಾದಲ್ಲಿ ಬಂದವಳು. ಇಂಗ್ಲಿಷ್ ನೀರು ಕುಡಿದಷ್ಟು ಸುಲಭ ಅವಳಿಗೆ, ಕನ್ನಡ ಒಂದಕ್ಷರ ಬರುತ್ತಿರಲಿಲ್ಲ. ರಾತ್ರಿ ನಾನು ಓದಿದ್ದನ್ನು ಮೊದಲು ನನಗೆ ನಾನೇ ಕನ್ನಡದಲ್ಲಿ ಹೇಳಿಕೊಳ್ಳುತ್ತಿದ್ದೆ. ಅದು ಸರಿಯಾಗಿ ಬಂದರೆ ವಿಷಯ ಅರ್ಥವಾಗಿದೆ ಅಂತ ಖಾತ್ರಿ. ಆಮೇಲೆ ಅದನ್ನೇ ಇಂಗ್ಲಿಷ್‌ನಲ್ಲಿ ಅವಳಿಗೆ ಹೇಳುತ್ತಿದ್ದೆ, ಅವಳು ವಾಕ್ಯ ತಿದ್ದುತ್ತಿದ್ದಳು. ಕೊನೆಗೆ ಪುಸ್ತಕ ನೋಡದೆ ಬರೆಯುವುದು. ಬದಲಿಗೆ ಅವಳಿಗೆ ನಾನು ಕನ್ನಡ ಕಲಿಸಿದೆ. ಮೊದಲ ವರ್ಷದಲ್ಲೇ ನಮ್ಮನ್ನು ಕೆ.ಆರ್. ಆಸ್ಪತ್ರೆಯ ವಾರ್ಡಿಗೆ ಕರೆದುಕೊಂಡು ಹೋಗುತ್ತಾರೆ. ಅಲ್ಲಿ ಅವಳು ಒಬ್ಬ ಅಜ್ಜಿಗೆ "ಊಟ ಆಯ್ತಾ ಅಜ್ಜಿ? ಎಲ್ಲಿ ನೋವು?" ಅಂತ ಕೇಳಿದಾಗ ಅಜ್ಜಿ ಅವಳ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಕನ್ನಡ ಮಾಧ್ಯಮದಿಂದ ಬಂದವರು ಓದಿನಲ್ಲಿ ಹಿಂದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ವಾರ್ಡಿನಲ್ಲಿ ರೋಗಿ ಹೇಳುವ ಪ್ರತಿ ಮಾತು ನಮಗೆ ತಿಳಿಯುತ್ತದೆ. ಅದು ಪುಸ್ತಕ ಕೊಟ್ಟರೆ ಬರುವಂಥದ್ದಲ್ಲ.

ಪುಸ್ತಕ ತೆಗೆದುಕೊಂಡ ಮೇಲೆ ಅದರಲ್ಲಿ ಏನನ್ನು ಓದಬೇಕು ಅನ್ನುವುದು ಮುಂದಿನ ಪ್ರಶ್ನೆ. ಇದಕ್ಕೆ ನನಗೆ ನೆರವಾದದ್ದು ಪುಕ್ಕಟೆಯಾಗಿ ಸಿಗುವ ಎರಡು ಸಾಮಗ್ರಿ. ಒಂದು, ಎಂಬಿಬಿಎಸ್‌ಗೆ 2019ರಿಂದ ಬಂದ ಹೊಸ ಪಠ್ಯಕ್ರಮದ ಕಾಂಪಿಟೆನ್ಸಿ ಪಟ್ಟಿ, ಅಂದರೆ ಏನೇನು ಕಲಿತಿರಬೇಕು ಅನ್ನುವ ಪಟ್ಟಿ. ಅದರಲ್ಲಿ ಪ್ರತಿ ವಿಷಯಕ್ಕೂ ಒಂದು ಸಂಖ್ಯೆ ಇದೆ. ಬ್ರೇಕಿಯಲ್ ಪ್ಲೆಕ್ಸಸ್ ಎಎನ್ 10.3. ಫಿಸಿಯಾಲಜಿಯವು ಪಿವೈ, ಬಯೋಕೆಮಿಸ್ಟ್ರಿಯವು ಬಿಐ. ಬಾಯಲ್ಲಿ ವಿವರಿಸಬೇಕೋ, ಗುರುತಿಸಬೇಕೋ, ಮಾಡಿ ತೋರಿಸಬೇಕೋ ಅನ್ನುವುದನ್ನೂ ಅದೇ ಹೇಳುತ್ತದೆ. ಎರಡನೆಯದು, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಹಳೆ ಪ್ರಶ್ನೆಪತ್ರಿಕೆಗಳು. ಲಾಂಗ್ ಎಸ್ಸೇಗೆ 10 ಅಂಕ, ಶಾರ್ಟ್ ಎಸ್ಸೇಗೆ 5, ಶಾರ್ಟ್ ಆನ್ಸರ್‌ಗೆ 3. ಯಾವ ಪ್ರಶ್ನೆ ಎಷ್ಟು ಅಂಕಕ್ಕೆ ಬಂದಿದೆ ಅಂತ ಪುಸ್ತಕದ ಅಂಚಿನಲ್ಲೇ ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತ ಹೋದೆ. 3 ಅಂಕದ್ದಕ್ಕೆ ಎರಡು ಪುಟ ಬಾಯಿಪಾಠ ಮಾಡುವ ಕಷ್ಟ ತಪ್ಪಿತು. ಇದನ್ನು ಇಂಟರ್ನಲ್ಸ್‌ಗೆ ಮುಂಚೆ ಅಲ್ಲ, ಪಾಠ ಆದ ವಾರವೇ ಮಾಡಬೇಕು.

ಹರಾಜಿನ ದುಡ್ಡು ಬಂದಾಗ ಅಪ್ಪ ಮೈಸೂರಿಗೇ ಬಂದರು. ನನ್ನ ಚೀಟಿ ಚಿಕ್ಕದಾಗಿತ್ತು. ಬಿಡಿಸಿಯ ಸಂಪುಟಗಳಲ್ಲಿ ಕೈಯ ಭಾಗ ಇರುವ ಒಂದನ್ನು ಹೊಸದು ಕೊಂಡೆ, ಉಳಿದವು ಸೀನಿಯರ್‌ಗಳಿಂದ ಅರ್ಧ ಬೆಲೆಗೆ ಬಂದವು. ಎಂಬ್ರಿಯಾಲಜಿಯೂ ಬಯೋಕೆಮಿಸ್ಟ್ರಿಯೂ ಸೆಕೆಂಡ್ ಹ್ಯಾಂಡ್. ಗೈಟನ್ ಕೂಡ ಹೊಸದೇ. ಹಳೆ ಪುಸ್ತಕ ಕೊಳ್ಳುವಾಗ ಒಂದು ಆವೃತ್ತಿ ಹಿಂದಿನದಾದರೂ ಅನಾಟಮಿಗೆ ತೊಂದರೆಯಿಲ್ಲ. ಆದರೆ ಚಿತ್ರದ ಪುಟ ಹರಿದಿದೆಯಾ, ಗೆರೆ ಎಳೆದು ಎಳೆದು ಅಕ್ಷರ ಕಾಣದ ಹಾಗಾಗಿದೆಯಾ ಅಂತ ಪುಟ ತಿರುವಿ ನೋಡಬೇಕು. ಬೆಂಗಳೂರಿನವರಿಗೆ ಅವೆನ್ಯೂ ರಸ್ತೆ ಇದೆ, ಅಲ್ಲಿಯೂ ಇದೇ ಎಚ್ಚರ ಬೇಕು. ಫೋನಿನಲ್ಲಿ ಪಿಡಿಎಫ್ ಓದುತ್ತೇನೆ ಅನ್ನುವವರಿಗೆ ಒಂದು ಮಾತು. ಹುಡುಕಿ ನೋಡಲು ಅದು ಸರಿ. ಗಂಟೆಗಟ್ಟಲೆ ಕೂತು ಕಲಿಯಲು, ಅಂಚಿನಲ್ಲಿ ಬರೆದುಕೊಳ್ಳಲು ಕಾಗದದ ಪುಸ್ತಕವೇ ಬೇಕು ಅಂತ ನನಗೆ ಅನ್ನಿಸಿದೆ.

ಅಂಗಡಿಯಲ್ಲಿ ಅಪ್ಪ ಗೈಟನ್ ಎತ್ತಿ ತೂಕ ನೋಡಿ, "ಇದನ್ನೆಲ್ಲ ಓದ್ಬೇಕಾ ಮಗ?" ಅಂದರು. "ಹೂಂ ಅಪ್ಪ, ಒಂದೇ ಸಲಕ್ಕಲ್ಲ" ಅಂದೆ. ದುಡ್ಡು ಎಣಿಸಿ ಕೊಟ್ಟು, ಪುಸ್ತಕದ ಚೀಲ ಹಾಸ್ಟೆಲ್ ಗೇಟಿನವರೆಗೂ ತಾವೇ ಹೊತ್ತುಕೊಂಡು ಬಂದರು.

ಈಗ ನಾನು ಎರಡನೇ ವರ್ಷದಲ್ಲಿದ್ದೇನೆ. ಬಿಡಿಸಿ, ಎಂಬ್ರಿಯಾಲಜಿ, ಬಯೋಕೆಮಿಸ್ಟ್ರಿ, ನನ್ನ ಪಾಲಿನ ಮೂಳೆಗಳು, ಎಲ್ಲ ಕೆಳಗಿನ ಬ್ಯಾಚಿನ ಹುಡುಗಿಗೆ ಕೊಟ್ಟೆ. ಅವಳೂ ಕನ್ನಡ ಮಾಧ್ಯಮದವಳು, ಎಚ್.ಡಿ. ಕೋಟೆ ಕಡೆಯವಳು. ಅಂಚಿನ ಗುರುತುಗಳನ್ನು ಅಳಿಸಲಿಲ್ಲ, ಅವಳೇ ಬೇಡ ಅಂದಳು. ಗೈಟನ್ ಮಾತ್ರ ಇಟ್ಟುಕೊಂಡಿದ್ದೇನೆ. ಫಾರ್ಮಕಾಲಜಿಯಲ್ಲಿ ಒಂದು ಔಷಧಿ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಯಲು ವಾರಕ್ಕೆ ಎರಡು ಮೂರು ಸಲ ಅದನ್ನು ತೆರೆಯಬೇಕಾಗುತ್ತದೆ. ರೋಗಗಳ ಬಗ್ಗೆ ಕಲಿಯುವ ಪೆಥಾಲಜಿಗೆ ಇನ್ನೂ ಪುಸ್ತಕ ಕೊಂಡಿಲ್ಲ. ಈ ವಾರ ಕ್ಲಾಸಿನಲ್ಲಿ ಇನ್‌ಫ್ಲಮೇಶನ್ (ಉರಿಯೂತ) ಪಾಠ ಮುಗಿಯುತ್ತದೆ. ಅದನ್ನೇ ಹಿಡಿದು ಲೈಬ್ರರಿಯಲ್ಲಿ ಎರಡು ಪುಸ್ತಕ ಓದಿ ನೋಡಬೇಕು.